ಆಪರೇಷನ್ ಆದ ಮೇಲಿನ ಬಸಿರು

ನಮ್ಮ ಮನೆಯಲ್ಲಿ ಹೆಂಗಸರ ಮೈಯ ಸುದ್ದಿ ಗುಟ್ಟಾಗಿ ಉಳಿಯುವಂತೆಯೇ ಇರಲಿಲ್ಲ. ಮನೆ ಕಟ್ಟಿದ್ದೇ ಹಾಗೆ. ಕತ್ರಿಗುಪ್ಪೆಯ ಹಳೇ ಊರಿನೊಳಗೆ, ಎರಡು ಬಂಡಿ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಬೇಕಾದ ಬೀದಿಯಲ್ಲಿ ನಮ್ಮದು ನಾಡಹೆಂಚಿನ ಮನೆ. ಬೀದಿಗೆ ಬಾಗಿಲಿದ್ದ ಒಂದು ಕೋಣೆ, ಅದರ ಹಿಂದೆ ನಡುಮನೆ, ಪಕ್ಕದಲ್ಲಿ ಹೊಗೆ ಹಿಡಿದು ಕಪ್ಪಾದ ಅಡುಗೆಮನೆ, ಕೊನೆಗೆ ಹಿತ್ತಿಲ ಬಾಗಿಲು. ಬಾಗಿಲಾಚೆ ಕೊಟ್ಟಿಗೆಯ ಗೋಡೆಗೆ ಆನಿಸಿ ಕಟ್ಟಿದ ಒಂದು ಗಿಡ್ಡ ಜಗಲಿ. ತಿಂಗಳಿಗೆ ಮೂರು ದಿನ ಅಮ್ಮ ಆ ಜಗಲಿಯ ಮೇಲಿರುತ್ತಿದ್ದಳು. ಅವಳ ಚಾಪೆ, ತಟ್ಟೆ, ಚೊಂಬು ಎಲ್ಲ ಅಲ್ಲಿಗೇ ಹೋಗುತ್ತಿದ್ದವು. ಹಾಲು ಹಾಕಿಸಿಕೊಳ್ಳಲು ಬಂದವರು, ಬೆರಣಿ ಕೇಳಲು ಬಂದವರು, ಎಲ್ಲರ ಕಣ್ಣಿಗೂ ಬೀಳುತ್ತಿದ್ದಳು. ಆ ಮೂರು ದಿನ ಅಡುಗೆ ನನ್ನದು. ಅಜ್ಜಿಗೆ ಕಣ್ಣು ಮಂಜಾಗಿ ಒಲೆಯ ಮುಂದೆ ಕೂರಲಾಗುತ್ತಿರಲಿಲ್ಲ. ನಾಲ್ವರು ಮಕ್ಕಳಲ್ಲಿ ನಾನು ದೊಡ್ಡವಳು. ಇನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದೆ. ತೋಳಿನಲ್ಲಿ ಬಲವಿಲ್ಲದೆ ಮುದ್ದೆ ಕೋಲು ಹಿಡಿದು ಒದ್ದಾಡುತ್ತಿದ್ದರೆ ಅಮ್ಮ ಜಗಲಿಯಿಂದಲೇ ಕೂಗಿ ಹೇಳುವಳು.

"ಎಸರು ಕುದೀತಾ ಸುಶಿ? ಹಿಟ್ಟು ಹಾಕಿ ಸುಮ್ನೆ ಬಿಡು. ಈಗ್ಲೇ ತಿರುವ್ಬೇಡ, ಗಂಟಾಗತ್ತೆ."

ಎಷ್ಟೋ ಸಲ ಗಂಟಾಗುತ್ತಿತ್ತು. ಅಪ್ಪ ಮಾತಿಲ್ಲದೆ ನುಂಗುತ್ತಿದ್ದ. ಅಜ್ಜಿ ಮಾತ್ರ ಗಂಟನ್ನು ಎತ್ತಿ ತಟ್ಟೆಯ ಅಂಚಿಗೆ ಇಡುತ್ತಿದ್ದಳು, ನಾನು ನೋಡಲಿ ಅಂತ.

ಅಜ್ಜಿಯ ಚಿಂತೆ ಒಂದೇ. ನಾವು ಮೂವರು ಹುಡುಗಿಯರಾದ ಮೇಲೆ ತಮ್ಮ ರವಿ ಹುಟ್ಟಿದ್ದ. ನಡುವೆ ನಿಲ್ಲದೆ ಹೋದವೂ ಇದ್ದವು. ರವಿಯನ್ನು ಹೆತ್ತಾಗ ಅಮ್ಮನಿಗೆ ರಕ್ತ ನಿಲ್ಲದೆ, ಬದುಕಿದ್ದೇ ಹೆಚ್ಚು ಎಂದು ಎಲ್ಲರೂ ಅಂದಿದ್ದರು. ಆದರೂ ಅಜ್ಜಿ ದಿನಕ್ಕೊಮ್ಮೆ "ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ" ಎನ್ನದೆ ಇರುತ್ತಿರಲಿಲ್ಲ. ಬಸ್ ನಿಲ್ಲುವ ಕಡೆ ಗೋಡೆಯ ಮೇಲೆ ಕೆಂಪು ತ್ರಿಕೋನ ಬರೆದು, ಕೆಳಗೆ "ಆರತಿಗೊಬ್ಬಳು, ಕೀರ್ತಿಗೊಬ್ಬ" ಎಂದು ಬರೆಸಿದ್ದರು. ಮಕ್ಕಳಾದ ನಾವು ಅದನ್ನು ಆಟದ ಪದದಂತೆ ಕೂಗಿಕೊಂಡು ಓಡುತ್ತಿದ್ದೆವು. ಒಮ್ಮೆ ನಡುಮನೆಯಲ್ಲೂ ಕೂಗಿದಾಗ ಅಜ್ಜಿ ಪೊರಕೆ ಎತ್ತಿಕೊಂಡಳು. ಅಮ್ಮ ಅಡುಗೆಮನೆಯ ಕತ್ತಲಲ್ಲಿ ನಕ್ಕದ್ದು ನನಗೆ ಕೇಳಿಸಿತು. ಅಮ್ಮನಿಗೆ ಆಪರೇಷನ್ ಮಾಡಿಸಿಕೊಳ್ಳುವ ಆಸೆಯಿತ್ತು. ಅಪ್ಪನನ್ನು ಕೇಳಿದರೆ ಅಜ್ಜಿಯನ್ನು ಕೇಳು ಎನ್ನುತ್ತಿದ್ದ. ಅಜ್ಜಿಯನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ.

ಅದು ಎಮರ್ಜೆನ್ಸಿಯ ಕಾಲ. ಜೀಪು ಬಂದು ಗಂಡಸರನ್ನು ಆಪರೇಷನ್ನಿಗೆ ಎತ್ತಿಕೊಂಡು ಹೋಗುತ್ತದಂತೆ ಎಂಬ ಸುದ್ದಿ ಬೀದಿಯಿಂದ ಬೀದಿಗೆ ಹಾರುತ್ತಿತ್ತು. ನಮ್ಮ ಕಡೆ ಹಾಗೆ ಹಿಡಿದದ್ದನ್ನು ನಾನು ಕಾಣಲಿಲ್ಲ. ಆದರೆ ಯಾವುದೇ ಜೀಪಿನ ಸದ್ದಾದರೂ ಜಗಲಿಕಟ್ಟೆಯ ಮೇಲೆ ಕೂತ ಗಂಡಸರು ಎದ್ದು ಒಳಗೆ ಹೋಗುವುದನ್ನು ಕಂಡಿದ್ದೇನೆ. ಅಪ್ಪ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದ. ಅಲ್ಲಿ ಹೆಚ್ಚು ಮಕ್ಕಳಿದ್ದವರನ್ನು ಮೇಲಿನವರು ಕರೆದು ಕರೆದು ಮಾಡಿಸಿಕೊಳ್ಳಿ ಎಂದು ಹೇಳುತ್ತಿದ್ದರು. ಒಂದು ದಿನ, ಯುಗಾದಿ ಕಳೆದ ಮೇಲೆ, ಅಪ್ಪ ಸೈಕಲ್ ತಳ್ಳಿಕೊಂಡು, ಕಾಲು ಅಗಲಿಸಿ ನಿಧಾನಕ್ಕೆ ನಡೆದುಕೊಂಡು ಮನೆಗೆ ಬಂದ. ಸೊಂಟ ಉಳುಕಿದೆ ಎಂದು ಅಜ್ಜಿಗೆ ಹೇಳಿದ. ಅಮ್ಮನಿಗೆ ಮಾತ್ರ ಹಿತ್ತಿಲಲ್ಲಿ ನಿಂತು ನಿಜ ಹೇಳಿದ. ಆದರೆ ಇಂಥ ಸುದ್ದಿ ನಿಲ್ಲುತ್ತದೆಯೇ? ವಾರ ಕಳೆಯುವುದರೊಳಗೆ ಬೀದಿಗೆಲ್ಲ ಗೊತ್ತಾಯಿತು. ಅಜ್ಜಿ ಒಂದು ಹೊತ್ತು ಊಟ ಬಿಟ್ಟಳು. "ಗಂಡಸಾಗಿ ಹೋಗಿ ಕೊಯ್ಸ್ಕೊಂಡ್ ಬಂದ್ಯಲ್ಲೋ ಕೆಂಪ" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಅಪ್ಪ ಯಾಕೆ ಮಾಡಿಸಿಕೊಂಡ, ಕಾರ್ಖಾನೆಯ ಭಯಕ್ಕೋ, ಅಮ್ಮ ಸತ್ತಾಳೆಂಬ ಭಯಕ್ಕೋ, ನನಗೆ ಇವತ್ತಿಗೂ ತಿಳಿಯದು. ಎರಡೂ ಇದ್ದಿರಬಹುದು.

ಅಮ್ಮ ಮಾತ್ರ ಆ ದಿನಗಳಲ್ಲಿ ಬೇರೆಯೇ ಹೆಂಗಸಾದಳು. ನಮ್ಮನ್ನೆಲ್ಲ ಕರೆದುಕೊಂಡು ಜಯನಗರದ ಮಾರ್ಕೆಟ್ಟಿನ ತನಕ ನಡೆದು ಹೋಗಿ, ಏನೂ ಕೊಳ್ಳದೆ ಅಂಗಡಿಗಳನ್ನು ನೋಡಿಕೊಂಡು ಬಂದಳು. ತಲೆಗೆ ಎಣ್ಣೆ ಹಾಕಿ ನೀಟಾಗಿ ಬಾಚಿಕೊಳ್ಳತೊಡಗಿದಳು. ಬೀದಿ ಕಡೆಯ ಕೋಣೆಯಲ್ಲಿ ಬಾಡಿಗೆಗಿದ್ದ ಮಂಜುನಾಥ ಮೇಷ್ಟ್ರ ಹತ್ತಿರ ನಿಂತು ಮಾತಾಡುವುದನ್ನೂ ಕಲಿತಳು. ಮೇಷ್ಟ್ರು ಹಾಸನದ ಕಡೆಯವರು, ಇನ್ನೂ ಮದುವೆಯಾಗಿರಲಿಲ್ಲ, ಬನಶಂಕರಿಯ ಒಂದು ಶಾಲೆಯಲ್ಲಿ ಗಣಿತ ಹೇಳುತ್ತಿದ್ದರು. ಸಂಜೆ ನನಗೆ ಭಿನ್ನರಾಶಿ ಹೇಳಿಕೊಡುವರು. ಅದಕ್ಕೆ ಬದಲಾಗಿ ಅಮ್ಮ ಒಂದು ಬಟ್ಟಲು ಸಾರು ಕಳಿಸುವಳು. "ಅಕ್ಕಾ, ನಿಮ್ಮ ಬಸ್ಸಾರು ಉಂಡ ದಿನ ನಮ್ಮವ್ವನ ನೆನಪಾಗತ್ತೆ" ಎಂದು ಅವರು ಬಟ್ಟಲು ತೊಳೆದು ಹಿಂದಿರುಗಿಸುವರು. ಇಷ್ಟೇ ಅವರ ನಡುವೆ ಇದ್ದದ್ದು.

ಮೊದಲು ಗಮನಿಸಿದವಳು ನಾನೇ. ಮುಂಗಾರಿಗೆ ಮುಂಚಿನ ಬಿಸಿಲು. ಒಗ್ಗರಣೆ ಚಟಪಟ ಎಂದ ಕೂಡಲೇ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ಓಡಿದಳು. ನಾನು ಸೌಟು ಹಿಡಿದು ನಿಂತೆ. ಆಗ ಹೊಳೆಯಿತು, ನಾನು ಮುದ್ದೆ ತಿರುವಿ ಎಷ್ಟೋ ದಿನವಾಗಿದೆ ಎಂದು. ಅಮ್ಮ ಜಗಲಿಗೆ ಹೋಗಿಯೇ ಇರಲಿಲ್ಲ. ಅದರರ್ಥ ಏನೆಂದು ನನಗೆ ಪೂರ್ತಿ ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಜ್ಜಿಯ ಕಣ್ಣು ಮಂಜಾಗಿದ್ದರೂ ಲೆಕ್ಕ ಮಂಜಾಗಿರಲಿಲ್ಲ. ಹಾಲಿಗೆ ಬರುವ ಹೆಂಗಸರೂ ಖಾಲಿ ಜಗಲಿಯನ್ನು ನೋಡಿ, ಅಮ್ಮನ ಮುಖ ನೋಡಿ, ಒಬ್ಬರನ್ನೊಬ್ಬರು ನೋಡಿಕೊಳ್ಳತೊಡಗಿದರು.

ಒಂದು ಬೆಳಗ್ಗೆ ಅಪ್ಪ ಕಾರ್ಖಾನೆಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಅಜ್ಜಿ ನಡುಮನೆಯಲ್ಲಿ ಕೂತೇ ಕೇಳಿದಳು.

"ಏನೋ ಕೆಂಪ, ನಿನಗೆ ಆಪರೇಸನ್ ಆಗಿರೋದು ದಿಟ ತಾನೆ?"

"ಯಾಕವ್ವ?"

"ದಿಟಾನೋ ಸುಳ್ಳೋ, ಅಷ್ಟ್ ಹೇಳು."

"ದಿಟ."

"ಹಂಗಾದ್ರೆ ನಿನ್ನೆಂಡ್ತಿ ವಾಂತಿ ಯಾಕ್ ಮಾಡ್ಕೋತಾವ್ಳೆ, ಅವಳನ್ನೇ ಕೇಳು."

ಅಪ್ಪ ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಮೆಟ್ಟದೆ ನಿಂತ. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. ಅವಳ ಕೈಯಲ್ಲಿ ಸೊಪ್ಪಿನ ಕಟ್ಟಿತ್ತು. "ನನಗೂ ಗೊತ್ತಿಲ್ಲ ರೀ, ಹೆಂಗಾಯ್ತು ಅಂತ" ಎಂದಳು. ಅವಳು ಸುಳ್ಳು ಹೇಳಲು ಬಾರದವಳು. ಆ ಮಾತು ನಿಜವೇ ಆಗಿತ್ತು. ಆದರೆ ಅದಕ್ಕಿಂತ ಕೆಟ್ಟ ಉತ್ತರ ಬೇರೆ ಇರಲಿಲ್ಲ. ಅಪ್ಪ ಅವಳನ್ನು ನೋಡಲಿಲ್ಲ. ಬೀದಿ ಕಡೆಯ ಕೋಣೆಯ ಬಾಗಿಲನ್ನು ನೋಡಿದ.

ಅಂದು ಸಂಜೆ ನಾನು ಸ್ಲೇಟು ಹಿಡಿದು ಮೇಷ್ಟ್ರ ಕೋಣೆಯಲ್ಲಿ ಕೂತಿದ್ದೆ. ಅಪ್ಪ ಬಾಗಿಲಲ್ಲಿ ಬಂದು ನಿಂತ. ನನ್ನನ್ನು ಒಳಗೆ ಹೋಗು ಎಂದ. ನಾನು ಎದ್ದು ಗೋಡೆಯಾಚೆ ನಿಂತೆ.

"ಮೇಷ್ಟ್ರೇ, ನಮಗೆ ರೂಮು ಬೇಕಾಗೈತೆ. ನಾಳೆ ಖಾಲಿ ಮಾಡ್ಬಿಡಿ."

"ನಾಳೇನಾ? ಯಾಕ್ ಸಾರ್, ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಮಾತು ಬೆಳೆಸೋದ್ ಬೇಡ. ಮಾಡಿ, ಅಷ್ಟೆ."

ಮರುದಿನ ಮೇಷ್ಟ್ರು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯನ್ನು ಕುದುರೆಗಾಡಿಗೆ ಹಾಕಿಕೊಂಡು ಹೋದರು. ಬೀದಿಯ ಬಾಗಿಲುಗಳಲ್ಲೆಲ್ಲ ಜನ. ಮೇಷ್ಟ್ರಿಗೆ ಏಕೆಂದು ಯಾರೂ ಹೇಳಿರಲಿಲ್ಲ, ಆದರೆ ಗಾಡಿ ಹತ್ತುವ ಹೊತ್ತಿಗೆ ಅರ್ಥವಾಗಿತ್ತು ಎಂದು ಕಾಣುತ್ತದೆ. ಕಿವಿಯ ತನಕ ಕೆಂಪಾಗಿ, ತಲೆ ಎತ್ತದೆ ಕೂತಿದ್ದರು. ಅಮ್ಮ ಹಿತ್ತಿಲಲ್ಲಿ ಒರಳುಕಲ್ಲಿನ ಮುಂದೆ ಕೂತಿದ್ದಳು. ಗಾಡಿ ಹೊರಟ ಸದ್ದಾದಾಗಲೂ ಗುಂಡು ತಿರುಗಿಸುವುದನ್ನು ನಿಲ್ಲಿಸಲಿಲ್ಲ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅಮ್ಮ ಅಪ್ಪನಿಗೆ ಬಡಿಸುವಳು, ತಿರುಗಿ ಹೋಗುವಳು. ಅಪ್ಪ ತಟ್ಟೆ ನೋಡಿಕೊಂಡು ಉಣ್ಣುವನು. ಅಜ್ಜಿ ತನ್ನಷ್ಟಕ್ಕೆ ಗೊಣಗುವಳು. ನಾನು ನಡುಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಬೀದಿಗೆ ಸುಮ್ಮನೆ ಓಡಾಡುವೆ. ಎಲ್ಲಿ ಹೋದರೂ ಯಾವುದೋ ಮಾತು ನಾನು ಬಂದೊಡನೆ ನಿಂತುಹೋಗುತ್ತಿತ್ತು. ಬಾವಿಯ ಹತ್ತಿರ ನನ್ನ ವಯಸ್ಸಿನ ಹುಡುಗಿಯೊಬ್ಬಳು, "ನಿಮ್ಮನೇಲಿ ಹುಟ್ಟೋ ಪಾಪುಗೆ ಲೆಕ್ಕ ಚೆನ್ನಾಗ್ ಬರತ್ತಂತೆ" ಎಂದಳು. ದೊಡ್ಡವರು ಆಡಿದ್ದನ್ನು ಅವಳು ಹಾಗೇ ಒಪ್ಪಿಸಿದ್ದಳು. ನಾನು ಅವಳ ಕೊಡವನ್ನು ಉರುಳಿಸಿ ಮನೆಗೆ ಬಂದೆ. ಅಮ್ಮ ಕೇಳಿದಳು, ಹೇಳಿಬಿಟ್ಟೆ. ಅವಳು ಸ್ವಲ್ಪ ಹೊತ್ತು ನನ್ನ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತ ಕೂತಳು. ಆಮೇಲೆ ಎದ್ದು ಸೀರೆ ಬದಲಿಸಿದಳು.

"ಬಾ, ಜಯನಗರದ ಡಾಕ್ಟರಮ್ಮನ ಹತ್ರ ಹೋಗ್ಬರೋಣ. ಒಬ್ಬಳೇ ಹೋದ್ರೆ ಅದಕ್ಕೂ ಒಂದ್ ಮಾತು ಕಟ್ತಾರೆ."

ಡಾಕ್ಟರಮ್ಮ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ನರೆಗೂದಲು, ದಪ್ಪ ಕನ್ನಡಕ, ಗಡುಸು ದನಿ. ನನ್ನನ್ನು ಪರದೆಯ ಈಚೆ ಬೆಂಚಿನ ಮೇಲೆ ಕೂರಿಸಿದರು. ಪರದೆ ತೆಳ್ಳಗಿತ್ತು. ಅಮ್ಮ ಮೊದಲು ಅತ್ತಳು, ಆಮೇಲೆ ಎಲ್ಲ ಹೇಳಿದಳು. ಡಾಕ್ಟರಮ್ಮ ಒಂದೊಂದೇ ಕೇಳತೊಡಗಿದರು.

"ಆಪರೇಷನ್ ಆದ್ಮೇಲೆ ನಿಮ್ಮ ಯಜಮಾನ್ರು ಎಷ್ಟ್ ದಿನ ಬಿಟ್ಟು ನಿಮ್ಮ ಹತ್ರ ಬಂದ್ರು?"

ಅಮ್ಮ ಏನೋ ಮೆಲ್ಲಗೆ ಹೇಳಿದಳು.

"ಮೂರು ತಿಂಗಳು ಜೋಪಾನವಾಗಿರಿ ಅಂತ ಅವರಿಗೆ ಹೇಳ್ಲಿಲ್ವಾ? ಆಮೇಲೆ ಪರೀಕ್ಷೆ ಮಾಡಿಸ್ಬೇಕು ಅಂತ?"

"ನನಗೇನೂ ಹೇಳ್ಲಿಲ್ಲ ತಾಯಿ. ಮಾಡಿಸ್ಕೊಂಡೆ, ಇನ್ನು ಭಯ ಇಲ್ಲ, ಅಷ್ಟೇ ಅಂದಿದ್ದು."

"ನೋಡಮ್ಮ. ನೀರಿನ ಟ್ಯಾಂಕಿನ ವಾಲ್ವು ಮುಚ್ಚಿದ್ರೂ ಪೈಪಲ್ಲಿ ನಿಂತಿರೋ ನೀರು ನಲ್ಲೀಲಿ ಬರತ್ತೋ ಇಲ್ವೋ? ಇದೂ ಹಾಗೇ. ಕತ್ತರಿಸಿದ ಕೂಡ್ಲೇ ಎಲ್ಲ ನಿಲ್ಲಲ್ಲ. ಈ ಮಗು ನಿನ್ ಗಂಡಂದೇ. ಇದ್ರಲ್ಲಿ ನಾಚ್ಕೊಳ್ಳೋದು ಏನಿದೆ?"

ಆಮೇಲೆ ಅಮ್ಮನ ದನಿ ಕೇಳಿಸಿತು. ಅದು ಅಳುವವಳ ದನಿಯಾಗಿರಲಿಲ್ಲ.

"ನೀವೇ ಇದನ್ನ ಅವರಿಗೆ ಹೇಳಿ. ನನ್ ಬಾಯಲ್ಲಿ ಬಂದ್ರೆ ನಂಬಲ್ಲ."

ಭಾನುವಾರ ಅಪ್ಪ ಹೋದ. ಹೋಗುವುದಿಲ್ಲ ಎಂದು ಹಟ ಮಾಡುತ್ತಾನೆ ಎಂದುಕೊಂಡಿದ್ದೆ, ಮಾಡಲಿಲ್ಲ. ಅವನಿಗೂ ನಿದ್ದೆಯಿರಲಿಲ್ಲ ಎಂದು ಕಾಣುತ್ತದೆ. ಹಿಂದಿರುಗಿ ಬಂದವನು ಸೈಕಲ್ಲಿಗೆ ಸ್ಟ್ಯಾಂಡು ಹಾಕದೆ ಗೋಡೆಗೆ ಒರಗಿಸಿ ಹೊಸ್ತಿಲ ಮೇಲೆ ಕೂತುಬಿಟ್ಟ. ಆಪರೇಷನ್ ಕ್ಯಾಂಪಿನ ದಿನ ಯಾರೋ ಏನೋ ಹೇಳಿದ್ದರಂತೆ. ಅಷ್ಟು ಜನ ಗಂಡಸರ ನಡುವೆ ನಾಚಿಕೆಯಾಗಿ, ಬೇಗ ಹೊರಗೆ ಬಂದರೆ ಸಾಕೆನಿಸಿ, ತಲೆಯಾಡಿಸಿಕೊಂಡು ಬಂದಿದ್ದನಂತೆ. ಆ ಮೂರು ತಿಂಗಳ ಜೋಪಾನಕ್ಕೆಂದು ಕೈಗೆ ಕೊಟ್ಟ ಪೊಟ್ಟಣವನ್ನು ಬಿಚ್ಚಿಯೂ ನೋಡದೆ ದಾರಿಯ ಚರಂಡಿಗೆ ಎಸೆದಿದ್ದನಂತೆ. ಇದೆಲ್ಲ ಅಮ್ಮ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ್ದು. ಅವತ್ತು ಅಪ್ಪ ಹೇಳಿದ್ದು ಇಷ್ಟೇ.

"ಆಯ್ತು ಗೌರಿ, ಬಿಡು ಇನ್ನ. ಡಾಕ್ಟ್ರು ಎಲ್ಲಾ ಹೇಳಿದ್ರು."

"ಬಿಡೋದಾ? ಹೋಗಿ ಮೇಷ್ಟ್ರನ್ನ ಕರ್ಕೊಂಡ್ ಬನ್ನಿ."

"ಅವರ್ನ ಯಾಕೆ?"

"ಕರ್ಕೊಂಡ್ ಬಂದು ನಡುಮನೇಲಿ ಊಟಕ್ಕೆ ಕೂರಿಸಿ. ಬೀದಿ ಬಾಗ್ಲು ತೆಗ್ದಿರ್ಬೇಕು. ಪಕ್ಕದಲ್ಲಿ ನೀವೂ ಕೂತು ಉಣ್ಬೇಕು. ಅಲ್ಲೀವರ್ಗೂ ನನ್ನತ್ರ ಮಾತಾಡ್ಬೇಡಿ."

ಮೇಷ್ಟ್ರು ಇಟ್ಟಮಡುವಿನಲ್ಲಿ ಒಂದು ಶೀಟಿನ ಮನೆಗೆ ಹೋಗಿದ್ದರು. ಅಪ್ಪ ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋದ. ಒಬ್ಬನೇ ಹೋಗಲು ಅವನಿಗೆ ಧೈರ್ಯವಿರಲಿಲ್ಲ. ಮೇಷ್ಟ್ರು ಬಾಗಿಲು ತೆಗೆದರು, ಒಳಗೆ ಬನ್ನಿ ಎನ್ನಲಿಲ್ಲ. ಅಪ್ಪ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡೇ, ನಾಳಿದ್ದು ಊಟಕ್ಕೆ ಬರಬೇಕು ಎಂದ.

"ಯಾಕ್ ಬರ್ಲಿ ಸಾರ್? ನೀವು ಒಂದ್ ಮಾತು ಹೇಳಿ ಕಳಿಸಿದ್ರಿ. ಅದು ನನಗಿಂತ ಮುಂಚೆ ನಮ್ ಸ್ಕೂಲ್ ಸೇರ್ತು. ಹೆಡ್ಮಾಸ್ಟ್ರು ನನ್ನ ಕರೆದು ಕೇಳಿದ್ರು, ಗೊತ್ತಾ?"

ಅಪ್ಪ ಬೆಲ್ಲಿನ ಮೇಲೆ ಬೆರಳಾಡಿಸಿದ. ಅದು ಸಣ್ಣಗೆ ಟಿಣ್ ಎಂದಿತು. "ನಮ್ ಮನೆಯವಳು ಕರೀತಾವ್ಳೆ" ಎಂದ.

"ಅಕ್ಕ ಕರೆದ್ರಾ?" ಮೇಷ್ಟ್ರು ನನ್ನನ್ನು ನೋಡಿದರು. ನಾನು ಹೂಂ ಎಂದೆ. "ಹಾಗಾದ್ರೆ ಅವರಿಗೋಸ್ಕರ ಬರ್ತೀನಿ. ನಿಮಗೋಸ್ಕರ ಅಲ್ಲ."

ಆ ಮಧ್ಯಾಹ್ನದ ಊಟ ನನಗೆ ಯಾವ ಹಬ್ಬಕ್ಕಿಂತಲೂ ಚೆನ್ನಾಗಿ ನೆನಪಿದೆ. ಬಾಗಿಲು ಹಾರುಹೊಡೆದಿತ್ತು. ಎಲೆ ಹಾಕಿ, ಅಮ್ಮ ಬಸ್ಸಾರು, ಮುದ್ದೆ, ಅನ್ನ, ಪಲ್ಯ, ಪಾಯಸ ಬಡಿಸಿದಳು. ಹಾದು ಹೋಗುವವರು ನಡಿಗೆ ನಿಧಾನ ಮಾಡಿ ಒಳಗೆ ಇಣುಕುತ್ತಿದ್ದರು. ಮೇಷ್ಟ್ರು ಬೆವರುತ್ತಿದ್ದರು, ಅಪ್ಪ ತುತ್ತನ್ನು ಎಲೆಯಲ್ಲೇ ಉರುಳಿಸುತ್ತಿದ್ದ. ಆಗ ಅಜ್ಜಿ ಗೋಡೆ ಹಿಡಿದುಕೊಂಡು ಎದ್ದಳು. ಏನನ್ನುತ್ತಾಳೋ ಎಂದು ನಾನು ಅಮ್ಮನ ಮುಖ ನೋಡಿದೆ. ಅಮ್ಮನ ಕೈಯಿಂದ ತುಪ್ಪದ ಗಿಣ್ಣಲು ತೆಗೆದುಕೊಂಡು, ಬಗ್ಗಿ, ಎಲೆ ಎಲ್ಲಿದೆ ಎಂದು ತಡಕಾಡಿ ಮೇಷ್ಟ್ರ ಅನ್ನಕ್ಕೆ ಹಾಕತೊಡಗಿದಳು.

"ಸಾಕಜ್ಜಿ."

"ಹಾಕಿಸ್ಕೊಳಪ್ಪ."

ಅವಳ ಬಾಯಿಂದ ಬಂದದ್ದು ಅಷ್ಟೇ. ಕ್ಷಮೆ ಕೇಳುವ ಮಾತು ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಮೇಷ್ಟ್ರು ಎಲೆ ಖಾಲಿ ಮಾಡಿ, ಕೈ ತೊಳೆದು, ಅಮ್ಮನಿಗೆ ಕೈ ಮುಗಿದು ಹೋದರು. ಕೋಣೆ ಖಾಲಿಯೇ ಇದೆ ಎಂದು ಅಪ್ಪ ಹೇಳಿದರೂ ಮತ್ತೆ ಬಾಡಿಗೆಗೆ ಬರಲಿಲ್ಲ. ಮುಂದಿನ ವರ್ಷ ವರ್ಗ ಮಾಡಿಸಿಕೊಂಡು ತಮ್ಮ ಊರಿನ ಕಡೆ ಹೊರಟುಹೋದರಂತೆ. ನಾನು ಅವರನ್ನು ಮತ್ತೆ ನೋಡಲಿಲ್ಲ.

ಇನ್ನು ಉಳಿದದ್ದು ಅಮ್ಮನ ಹೊಟ್ಟೆಯ ಮಾತು. ಈಗ ಅಮ್ಮನೊಬ್ಬಳನ್ನು ಬಿಟ್ಟು ಎಲ್ಲರಿಗೂ ಆ ಮಗು ಬೇಕಾಗಿತ್ತು. ಅಜ್ಜಿಗೆ ಅದು ಗಂಡೇ ಎಂದು ಖಾತ್ರಿ. ಅಪ್ಪನಿಗೂ ಅದು ಹುಟ್ಟಲೇಬೇಕು. ಅವನ ಯೋಚನೆ ಬೇರೆ.

"ನನ್ನಂಗೇ ಮೂಗು ಕಿವಿ ಇಟ್ಕೊಂಡು ಹುಟ್ಟಿದ್ರೆ ಊರವರ ಬಾಯಿ ತಾನಾಗೇ ಮುಚ್ಚತ್ತೆ ಗೌರಿ. ತೆಗೆಸಿಬಿಟ್ರೆ, ಅದಕ್ಕೇ ತೆಗೆಸಿದ್ಲು ಅಂತಾರೆ."

ಅಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. ಮೊರವನ್ನು ಕೆಳಗಿಟ್ಟಳು.

"ಮಗು ಸಾಕ್ಷಿ ಹೇಳೋಕೆ ಹುಟ್ಟಲ್ಲ ರೀ. ಅದು ನಿಮ್ಮಂಗಿಲ್ದೆ ನಮ್ಮಪ್ಪನಂಗೆ ಇದ್ರೆ? ಆಗೇನ್ ಮಾಡ್ತೀರಿ? ದಿನಾ ಬೆಳಗಾಗೆದ್ದು ಅದರ ಮೂಗು ನೋಡ್ತೀರಾ? ನನ್ ಮೈಲಿ ಇನ್ನೊಂದ್ ಹೆರೋ ಶಕ್ತಿ ಇಲ್ಲ. ರವೀನ ಹೆತ್ತಾಗ ಸತ್ತು ಬದುಕಿದ್ದು ನಾನು, ಊರವರಲ್ಲ."

ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. "ಅತ್ತೆ, ನೀವು ಹೇಳೋದೆಲ್ಲ ಹೇಳಾಯ್ತು" ಎಂದಳು ಅಮ್ಮ. ದನಿ ಏರಿಸಲಿಲ್ಲ. ಅಜ್ಜಿ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು. ಡಾಕ್ಟರಮ್ಮ ಚೀಟಿ ಬರೆದು ಕೊಟ್ಟರು, ಅಮ್ಮ ದೊಡ್ಡಾಸ್ಪತ್ರೆಗೆ ಸೇರಿದಳು. ಬಸಿರು ತೆಗೆದು, ಅದೇ ಸಲ ಅವಳಿಗೂ ಆಪರೇಷನ್ ಮಾಡಿದರು. ಗಂಡನಿಗಾಗಿದೆಯಲ್ಲ, ನಿಮಗ್ಯಾಕೆ ಎಂದು ಅಲ್ಲಿ ಯಾರೋ ಕೇಳಿದ್ದಕ್ಕೆ, "ಇದು ನನ್ ನೆಮ್ಮದಿಗೆ" ಎಂದಳಂತೆ. ಮನೆಗೆ ಬಂದವಳು ಬಿಳಿಚಿಕೊಂಡಿದ್ದಳು. ಬೀದಿ ಕಡೆಯ ಖಾಲಿ ಕೋಣೆಯಲ್ಲಿ ಹಾಸಿಗೆ ಹಾಕಿಸಿಕೊಂಡಳು. ಅಪ್ಪ ಬಿಸಿನೀರು ಕಾಯಿಸಿ ತಂದಿಟ್ಟು ಬಾಗಿಲಲ್ಲಿ ನಿಲ್ಲುವನು. ಒಂದು ಮಧ್ಯಾಹ್ನ ಅವಳು ಗೋಡೆಗೆ ತಿರುಗಿ ಅಳುತ್ತಿದ್ದಳು. ನೋಯುತ್ತಾ ಅಮ್ಮ ಎಂದು ಕೇಳಿದೆ.

"ಬೇಡ ಅಂತ ನಾನೇ ಅಂದಿದ್ದು. ಆದ್ರೂ ಅಳು ಬರತ್ತೆ ಕಣೆ. ಬರ್ಲಿ ಬಿಡು."

ಊರವರು ಆಡುವುದನ್ನು ಪೂರ್ತಿ ನಿಲ್ಲಿಸಲಿಲ್ಲ. ಕೆಲವರು ಊಟಕ್ಕೆ ಕೂರಿಸಿದ್ದನ್ನು ಕಂಡು ಸುಮ್ಮನಾದರು, ಕೆಲವರು ಅದಕ್ಕೂ ಒಂದು ಕಥೆ ಹೊಸೆದರು. ಅಮ್ಮ ಬಾವಿಗೆ ಹೋಗುವಾಗ ತಲೆ ಎತ್ತಿಕೊಂಡೇ ಹೋಗುತ್ತಿದ್ದಳು. ನಾನು ಮಾತ್ರ ಇನ್ನೂ ಹಾಗೇ ಉಳಿದಿದ್ದೇನೆ. ಯಾವುದೇ ಮನೆಯಲ್ಲಿ ನಾಲ್ಕು ಜನ ದನಿ ತಗ್ಗಿಸಿದರೆ ನನಗೆ ಕೂರಲಾಗುವುದಿಲ್ಲ, ಎದ್ದು ಹೋಗಿ ಏನದು ಎಂದು ಕೇಳಿಬಿಡುತ್ತೇನೆ. ಇದರಿಂದ ಎಷ್ಟೋ ಜನ ನನ್ನನ್ನು ದೂರವಿಟ್ಟಿದ್ದಾರೆ.

ಬರಬರುತ್ತ ಸುತ್ತಲಿನ ಹೊಲಗಳೆಲ್ಲ ಸೈಟುಗಳಾದವು. ಬಾವಿ ಮುಚ್ಚಿ ನಲ್ಲಿ ಬಂತು. ಅಮ್ಮನ ಹತ್ತಿರ ಹೆಂಗಸರು ಬರತೊಡಗಿದರು, ಹಿಂದೆ ಬೆನ್ನ ಹಿಂದೆ ನಕ್ಕವರೂ ಬಂದರು. ಹೆತ್ತು ಆರು ತಿಂಗಳಿಗೇ ಮತ್ತೆ ಬಸಿರು ನಿಂತವಳು, ಮಕ್ಕಳಾಗದಂತೆ ಲೂಪು ಹಾಕಿಸಲು ಹೆದರುವವಳು, ಮುಟ್ಟು ಹೆಚ್ಚಾಗಿ ಹೋಗಿ ಬವಳಿ ಬಂದು ಬೀಳುವವಳು. ಅಮ್ಮ ಅವರನ್ನು ಬಸ್ಸಿಗೆ ಹತ್ತಿಸಿಕೊಂಡು ಡಾಕ್ಟರಮ್ಮನ ಹತ್ತಿರ ಹೋಗುವಳು, ತಾನೂ ಪರದೆಯ ಒಳಗೆ ನಿಲ್ಲುವಳು. ಗಂಡಸರು ಮಾತ್ರ ಆಪರೇಷನ್ ಎಂದರೆ ಎದ್ದು ಹೋಗುವ ಕಾಲವದು. ಎಮರ್ಜೆನ್ಸಿಯ ಹೆದರಿಕೆ ಅವರಿಗೆ ಹೋಗಿರಲಿಲ್ಲ. ಹಾಗಿರುವಾಗ ಎದುರುಮನೆಯ ಸೋಮಶೇಖರ, ಹೆಂಡತಿಗೆ ಹೃದಯದ ತೊಂದರೆಯಿದೆ ಎಂದು, ತಾನೇ ಹೋಗಿ ಮಾಡಿಸಿಕೊಂಡು ಬಂದ. ನಾನು ಆಗ ಕಾಲೇಜು ಮುಗಿಸಿದ್ದೆ. ಸಂಜೆ ಅವನು ಮೆಲ್ಲಗೆ ನಡೆದುಕೊಂಡು ಮನೆ ಸೇರುತ್ತಿದ್ದುದನ್ನು ಕಂಡು ಅಮ್ಮ ಅವರ ಗೇಟಿನ ಹತ್ತಿರ ಹೋಗಿ ನಿಲ್ಲಿಸಿದಳು.

"ಸೋಮು, ಇನ್ನೂ ಮೂರು ತಿಂಗಳು ಜೋಪಾನ ಅಂತ ಹೇಳಿದ್ರಾ? ಪರೀಕ್ಷೆಗೆ ಯಾವಾಗ ಬರೋಕ್ ಹೇಳಿದ್ರು?"

ಸೋಮಶೇಖರ ಆ ಕಡೆ ಈ ಕಡೆ ನೋಡಿದ. ಬೀದಿಯಲ್ಲಿ ಜನರಿದ್ದರು. ಮುಖ ಕೆಂಪಾಗಿ, "ಹೇಳಿದ್ರು ಆಂಟಿ, ಹೇಳಿದ್ರು, ಎಲ್ಲಾ ಗೊತ್ತು" ಎಂದು ತಪ್ಪಿಸಿಕೊಂಡು ಹೊರಟ. ಅಪ್ಪ ನಮ್ಮ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ. ರಿಟೈರಾಗಿ ಆಗಲೇ ಕೆಲವು ತಿಂಗಳಾಗಿತ್ತು. ಇಷ್ಟು ವರ್ಷ ಆ ವಿಷಯ ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದವನು ಅಂದು ಪೇಪರ್ ಮಡಿಸಿ, ಎದ್ದು, ಗೇಟಿನ ತನಕ ಬಂದ. ಬೀದಿಗೆಲ್ಲ ಕೇಳುವಂತೆ ಕೂಗಿದ.

"ನಿಂತ್ಕೊಂಡು ಕೇಳಪ್ಪಾ ಸೋಮು. ನಾನು ಕೇಳ್ಲಿಲ್ಲ."